ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಎಲ್ಲಿಂದ ಶುರುವಾಗುತ್ತದೆ? ವೈದ್ಯರೊಂದಿಗೆ ಪ್ರಶ್ನೋತ್ತರ

ಧಾರವಾಡದ ಸದಸ್ಯ: ಸರ್, ಸಿಎ 19-9 ರಕ್ತಪರೀಕ್ಷೆಯಿಂದ ಇದು ಮೊದಲೇ ಗೊತ್ತಾಗುವುದೇ?

ವೈದ್ಯರು: ಇಲ್ಲ. ಆ ಪರೀಕ್ಷೆ ಅಳೆಯುವ ವಸ್ತು ಕಾಮಾಲೆಯಲ್ಲೂ ಏರುತ್ತದೆ. ಕೆಲವರ ದೇಹದಲ್ಲಿ ತಯಾರಾಗುವುದೇ ಇಲ್ಲ. ಲಕ್ಷಣಗಳಿಲ್ಲದವರು ಮಾಡಿಸಬೇಡಿ.

ಹಾಸನದ ಸದಸ್ಯೆ: ತಂದೆಗೆ 62 ವರ್ಷ. ನಾಲ್ಕು ತಿಂಗಳ ಹಿಂದೆ ಸಕ್ಕರೆ ಕಾಯಿಲೆ ಪತ್ತೆಯಾಯಿತು. ವಂಶದಲ್ಲಿ ಯಾರಿಗೂ ಇಲ್ಲ. ಊಟ ಮೊದಲಿನಂತೆಯೇ ಇದ್ದರೂ ಎಂಟು ಕಿಲೋ ಇಳಿದಿದ್ದಾರೆ. ಜೀನ್ ದೋಷದಿಂದ ಈ ಕ್ಯಾನ್ಸರ್ ಬರುತ್ತದೆ ಎಂದು ಓದಿದೆ. ಹಾಗಾದರೆ ನನಗೂ ಬರುತ್ತದೆಯೇ?

ವೈದ್ಯರು: ಅಮ್ಮಾ, ಮೊದಲು ತಂದೆಯ ವಿಷಯ. ಐವತ್ತು ದಾಟಿದ ಮೇಲೆ ಹೊಸದಾಗಿ ಸಕ್ಕರೆ ಕಾಯಿಲೆ ಬಂದವರಲ್ಲಿ ಸುಮಾರು ನೂರಕ್ಕೊಬ್ಬರಿಗೆ ಮೂರು ವರ್ಷದೊಳಗೆ ಈ ಕ್ಯಾನ್ಸರ್ ಪತ್ತೆಯಾಗುತ್ತದೆ. ತೂಕವೂ ಇಳಿದಿದ್ದರೆ ಅನುಮಾನ ಹೆಚ್ಚು. ಈ ವಾರವೇ ಸಿಟಿ ಸ್ಕ್ಯಾನ್ ಮಾಡಿಸಿ. ಮೇದೋಜೀರಕ ಗ್ರಂಥಿಗೆಂದೇ ಮಾಡುವ ಸ್ಕ್ಯಾನ್ ಎಂದು ಚೀಟಿಯಲ್ಲಿ ಬರೆಸಿಕೊಳ್ಳಿ.

ಇನ್ನು ಜೀನ್. ಈ ಕ್ಯಾನ್ಸರ್‌ಗಳಲ್ಲಿ ಶೇಕಡಾ 90ಕ್ಕೂ ಹೆಚ್ಚಿನವುಗಳಲ್ಲಿ ಕೆರಾಸ್ ಜೀನ್ ಕೆಟ್ಟಿರುತ್ತದೆ. ಬೆಳೆಯುವ ಸೂಚನೆ ಬಂದಾಗ ಮಾತ್ರ ಚಾಲೂ ಆಗಬೇಕಾದ ಅದರ ಪ್ರೋಟೀನ್ ಆರುವುದನ್ನೇ ಮರೆಯುತ್ತದೆ. ಗ್ರಂಥಿಯಲ್ಲಿ ಉರಿಯೂತವಾದಾಗ ಜೀರ್ಣರಸ ಸುರಿಸುವ ಕೋಶಗಳು ತಾತ್ಕಾಲಿಕವಾಗಿ ನಾಳದ ಕೋಶಗಳ ರೂಪ ತಾಳುತ್ತವೆ, ಗಾಯ ಮಾಗಿದ ಮೇಲೆ ಹಳೆಯ ರೂಪಕ್ಕೆ ಮರಳುತ್ತವೆ. ಕೆರಾಸ್ ಕೆಟ್ಟಿದ್ದರೆ ಮರಳುವುದಿಲ್ಲ. ಪ್ಯಾನಿನ್ ಎಂಬ ಕ್ಯಾನ್ಸರ್‌ಪೂರ್ವ ಸೂಕ್ಷ್ಮ ಬದಲಾವಣೆಗಳು ಹುಟ್ಟುವ ಒಂದು ದಾರಿ ಇದು. ಅವುಗಳಲ್ಲಿ ಬಹುಪಾಲು ಕ್ಯಾನ್ಸರ್ ಆಗುವುದೇ ಇಲ್ಲ. ಸಿಡಿಕೆಎನ್2ಎ, ಟಿಪಿ53, ಸ್ಮ್ಯಾಡ್4 ಎಂಬ ಕಾವಲು ಜೀನ್‌ಗಳೂ ಕೈಕೊಟ್ಟಾಗ ಅಪಾಯ. 2010ರ ಒಂದು ಅಧ್ಯಯನದ ಅಂದಾಜಿನಂತೆ, ಮೊದಲ ದೋಷದಿಂದ ಕ್ಯಾನ್ಸರ್‌ನ ಮೂಲ ಕೋಶ ಹುಟ್ಟುವುದಕ್ಕೇ ಹತ್ತು ವರ್ಷಕ್ಕಿಂತ ಹೆಚ್ಚು ಬೇಕು. ಅಷ್ಟು ಕಾಲಾವಕಾಶವಿದ್ದೂ ನಾವು ತಡವಾಗಿ ಕಾಣುತ್ತೇವೆ ಎಂಬುದೇ ನನ್ನ ಸಂಕಟ.

ಈ ದೋಷಗಳು ಹೆಚ್ಚಾಗಿ ಬದುಕಿನ ನಡುವೆ ಆಗುವಂಥವು, ಹುಟ್ಟಿನಿಂದ ಬಂದವಲ್ಲ. ಬಿಆರ್‌ಸಿಎ2 ಎಂಬ ಜೀನ್‌ನ ದೋಷದಂಥ ಕೆಲವು ವಂಶದಲ್ಲಿ ಹರಿಯುತ್ತವೆ. ತಂದೆಯ ಫಲಿತಾಂಶ ಬರಲಿ, ನಿಮ್ಮ ವಿಷಯ ಆಮೇಲೆ.

ಮೈಸೂರಿನ ಸದಸ್ಯ: ಲಕ್ಷ್ಮಣಫಲದ ಎಲೆಯ ಕಷಾಯ ಕೀಮೋಗಿಂತ ಸಾವಿರ ಪಟ್ಟು ಬಲಶಾಲಿಯಂತೆ. ಎಲ್ಲರಿಗೂ ಹಂಚಿ.

ವೈದ್ಯರು: ಹಂಚಬೇಡಿ. ಅದರಲ್ಲಿರುವ ಅನೋನಾಸಿನ್ ಎಂಬ ರಾಸಾಯನಿಕ ನರಕೋಶಗಳಿಗೆ ವಿಷ. ಕಷಾಯ ಕುಡಿಯುತ್ತ ಶಸ್ತ್ರಚಿಕಿತ್ಸೆಯ ಅವಧಿ ದಾಟಿಸಿಕೊಂಡು ಬರುವವರನ್ನು ನಾನು ನೋಡುತ್ತಿದ್ದೇನೆ.

ಮೈಸೂರಿನ ಸದಸ್ಯ: ನಿಮಗೆ ಔಷಧ ಕಂಪನಿಗಳೇ ದೇವರು.

ತುಮಕೂರಿನ ಸದಸ್ಯೆ: ಇಲ್ಲಿ ಒಬ್ಬರ ತಂದೆಯ ಜೀವದ ಮಾತು ನಡೆದಿದೆ, ಸ್ವಲ್ಪ ಸುಮ್ಮನಿರಿ. ಬೀಡಿಯೂ ಕಾರಣವಲ್ಲವೇ ಸರ್?

ಕೋಲಾರದ ಸದಸ್ಯ: ನಮ್ಮಜ್ಜ ತೊಂಬತ್ತರವರೆಗೂ ಬೀಡಿ ಸೇದಿದರು, ಏನೂ ಆಗಲಿಲ್ಲ.

ತುಮಕೂರಿನ ಸದಸ್ಯೆ: ನಿಮ್ಮ ಅಜ್ಜನೊಬ್ಬರೇ ಪುರಾವೆಯೇ?

ಕೋಲಾರದ ಸದಸ್ಯ: ಹಿರಿಯರ ಬಗ್ಗೆ ಮಾತು ಹಿಡಿತದಲ್ಲಿರಲಿ.

ಬಳ್ಳಾರಿಯ ಸದಸ್ಯ: ಪಿತ್ತಕೋಶ ತೆಗೆಸಿದವರಿಗೆ ಅಪಾಯ ಹೆಚ್ಚೇ?

ಉಡುಪಿಯ ಸದಸ್ಯೆ: ಸಿಎ 19-9 ಎಲ್ಲಿ ಮಾಡಿಸಬೇಕು ಸರ್?

ವೈದ್ಯರು: ಸಿಎ 19-9 ಬಗ್ಗೆ ಮೇಲೆ ಉತ್ತರಿಸಿದ್ದೇನೆ. ತಂಬಾಕು ಖಚಿತ ಕಾರಣ, ಅಲ್ಲಿ ವಾದಕ್ಕೆ ಜಾಗವಿಲ್ಲ. ಹಾಸನದವರೇ, ಸ್ಕ್ಯಾನ್ ಯಾವ ದಿನ?

ಹಾಸನದ ಸದಸ್ಯೆ: ಗುರುವಾರ ಕೊಟ್ಟಿದ್ದಾರೆ.

ವೈದ್ಯರು: ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆಯ ವರದಿ ಜೊತೆಗಿರಲಿ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅಲ್ಲಿಯವರಿಗೆ ಮೊದಲೇ ತಿಳಿಸಿ. ಅದಕ್ಕೆ ಮೊದಲೇ ಕಣ್ಣು ಹಳದಿಯಾದರೆ ಗುರುವಾರಕ್ಕೆ ಕಾಯಬೇಡಿ.