ಪ್ಯಾನೆಲ್, ಕೊಲೆ ದರ, ಸ್ಥಿರ ಪರಿಣಾಮ: ಬೇರೆ ಪದ ಇದೆಯಾ?

ಗೆಳೆಯರೇ,

ಬಳ್ಳಾರಿಯಲ್ಲಿ ಡಿಗ್ರಿ ಓದುವ ಮಕ್ಕಳಿಗೆ ಅರ್ಥಶಾಸ್ತ್ರದ ಒಂದು ಟಿಪ್ಪಣಿ ಬರೆಯುತ್ತಿದ್ದೇನೆ. ಮರಣದಂಡನೆಯಿಂದ ಕೊಲೆ ಕಡಿಮೆ ಆಗುತ್ತಾ ಅನ್ನೋದನ್ನು ಅಂಕಿಅಂಶ ಇಟ್ಟುಕೊಂಡು ಹೇಗೆ ನೋಡುತ್ತಾರೆ ಅನ್ನುವುದು ವಿಷಯ. ಪದಗಳ ಹತ್ತಿರ ಬಂದು ನಿಂತಿದ್ದೇನೆ.

‘ಕೊಲೆ ದರ’ ಸುಲಭದ್ದು. ‘ಜನನ ದರ’ ಇದೆಯಲ್ಲ, ಇದಕ್ಕೇನು ತಕರಾರು ಅನ್ನಬಹುದು. ಆದರೆ ನಮ್ಮ ಕಡೆ ದರ ಅಂದರೆ ಎಪಿಎಂಸಿ ದರ. ರಾಯಚೂರಲ್ಲಿ ಹತ್ತಿ ದರ, ಇಲ್ಲಿ ಮೆಣಸಿನಕಾಯಿ ದರ. ‘ಕೊಲೆ ದರ’ ಅಂದರೆ ಹಿಂದಿನ ಬೆಂಚಿನವರು ಸುಪಾರಿ ಎಷ್ಟು ಸಾರ್ ಅಂತಾರೆ. ‘ಲಕ್ಷ ಜನಕ್ಕೆ ಇಷ್ಟು ಕೊಲೆ’ ಅಂತ ಬಿಡಿಸಿ ಬರೆದಿದ್ದೇನೆ.

‘ಪ್ಯಾನೆಲ್ ಡೇಟಾ’ಗೆ ‘ಫಲಕ’ ಅಂದರೆ ಬಸ್‌ಸ್ಟ್ಯಾಂಡಿನ ಬೋರ್ಡು, ಪ್ಯಾನೆಲ್ ಅಂತಲೇ ಬಿಟ್ಟರೆ ಸೊಸೈಟಿ ಎಲೆಕ್ಷನ್. ಅವೇ ಜಿಲ್ಲೆ, ಅವೇ ರಾಜ್ಯಗಳ ಲೆಕ್ಕವನ್ನು ವರ್ಷಾ ವರ್ಷಾ ಬರೆದಿಟ್ಟದ್ದು ಅಂತ ಅರ್ಥ. ‘ಅವೇ’ ಅನ್ನೋದು ಮುಖ್ಯ. ಕೊಪ್ಪಳ 1997ರಲ್ಲಿ ರಾಯಚೂರಿನಿಂದ ಬೇರೆ ಆಯ್ತು, ವಿಜಯನಗರ 2021ರಲ್ಲಿ ಬಳ್ಳಾರಿಯಿಂದ. ಬಳ್ಳಾರಿಯ 2015ರ ಕೊಲೆಗಳನ್ನೂ 2023ರವನ್ನೂ ಪಕ್ಕಪಕ್ಕ ಇಟ್ಟು ಕಡಿಮೆ ಆಯ್ತು ಅಂದರೆ ಹೇಗೆ? ಹೊಸಪೇಟೆ, ಹಡಗಲಿ ಲೆಕ್ಕ ಆಚೆ ಹೋಗಿದೆ! ಸರ್ಕಾರಿ ಶೈಲಿಯ ‘ಜಿಲ್ಲಾವಾರು, ವರ್ಷವಾರು’ ಚೆನ್ನಾಗಿದೆ, ಆದರೆ ಈ ‘ಅವೇ’ ಅದರಲ್ಲಿ ಬರಲ್ಲ.

ನಿಜವಾದ ತೊಂದರೆ ‘ಸ್ಥಿರ ಪರಿಣಾಮ’ದ್ದು, ಅಂದರೆ ಇಂಗ್ಲಿಷಿನ ‘ಫಿಕ್ಸೆಡ್ ಎಫೆಕ್ಟ್’. ಅಮೆರಿಕದ ಮೇನ್ ರಾಜ್ಯದಲ್ಲಿ 1887ರಿಂದ ಮರಣದಂಡನೆ ಇಲ್ಲ, ಕೊಲೆಯೂ ಕಡಿಮೆ. ಟೆಕ್ಸಾಸ್‌ನಲ್ಲಿ ಎರಡೂ ಜಾಸ್ತಿ. ಸುಮ್ನೆ ಹೋಲಿಸಿದರೆ ದಂಡನೆಯಿಂದಲೇ ಕೊಲೆ ಹೆಚ್ಚಿದ ಹಾಗೆ ಕಾಣುತ್ತದೆ. ಹಾಗಾಗಿ ವರ್ಷ ಕಳೆದರೂ ಬದಲಾಗದೆ ಒಂದೊಂದು ರಾಜ್ಯಕ್ಕೂ ಅಂಟಿಕೊಂಡಿರುವ ಗುಣವನ್ನು ಲೆಕ್ಕದಿಂದ ಕಳೆಯುತ್ತಾರೆ. ಆ ಗುಣಕ್ಕೆ ‘ಸ್ಥಿರ ಪರಿಣಾಮ’ ಅಂದರೆ, ಓದುವವರು ಮರಣದಂಡನೆಯ ಪರಿಣಾಮವೇ ಸ್ಥಿರ ಅಂದುಕೊಳ್ಳುತ್ತಾರೆ. ಅಮೆರಿಕದಲ್ಲಿ ಜಗಳ ಇರುವುದೇ ಆ ಪರಿಣಾಮದ ಮೇಲೆ. ಒಂದು ಮರಣದಂಡನೆ ಜಾರಿಯಾದರೆ ಸುಮಾರು 18 ಕೊಲೆ ತಪ್ಪುತ್ತದೆ ಅಂತ 2003ರ ಒಂದು ಅಧ್ಯಯನ ಹೇಳಿತು, ಅದೂ ಕೌಂಟಿಗಳ (ನಮ್ಮ ಜಿಲ್ಲೆಗಳಂಥವು) ಪ್ಯಾನೆಲ್ ಲೆಕ್ಕದಿಂದಲೇ. ಲೆಕ್ಕದ ವಿಧಾನ ಸ್ವಲ್ಪ ಬದಲಿಸಿದರೂ ಉತ್ತರ ಅಲ್ಲಾಡುತ್ತದೆ ಅಂತ ಡೊನೊಹ್ಯೂ, ವುಲ್ಫರ್ಸ್ ಎಂಬ ಸಂಶೋಧಕರು 2005ರಲ್ಲಿ ತೋರಿಸಿದರು. ಇಂಥ ಅಧ್ಯಯನಗಳನ್ನು ನಂಬಿ ಕಾನೂನು ಮಾಡಬೇಡಿ ಅಂತ 2012ರಲ್ಲಿ ಅಲ್ಲಿನ ನ್ಯಾಷನಲ್ ರಿಸರ್ಚ್ ಕೌನ್ಸಿಲ್ ಎಂಬ ತಜ್ಞರ ಸಂಸ್ಥೆ ಹೇಳಿತು.

ನನಗೆ ಹೊಳೆದದ್ದು ‘ಹುಟ್ಟುಗುಣ’. ಸುಟ್ಟರೂ ಹೋಗಲ್ಲ ಅಂತೀವಲ್ಲ, ಅರ್ಥ ಸರಿಯಾಗಿ ಕೂರುತ್ತದೆ. ಆದರೆ ಅದು ಮನುಷ್ಯರಿಗೆ ಹೇಳುವ ಮಾತು, ಬೈಗುಳದ ವಾಸನೆಯೂ ಇದೆ. ಟೆಕ್ಸಾಸಿನವರನ್ನು ಬೈದ ಹಾಗೆ ಆಗುತ್ತಾ? ‘ನೆಲಗುಣ’ ವಾಸಿನಾ?

ಇನ್ನೊಂದು ಚಿಕ್ಕದು. ತೀರ್ಪಾದ ಲೆಕ್ಕ ಬೇರೆ, ಪ್ರಾಣ ತೆಗೆದ ಲೆಕ್ಕ ಬೇರೆ. ‘ಮರಣದಂಡನೆ’ ಎರಡಕ್ಕೂ ನಡೆಯುತ್ತದೆ. ‘ಗಲ್ಲಿಗೇರಿಸಿದರು’ ಅನ್ನೋಣ ಅಂದರೆ ಅಮೆರಿಕದಲ್ಲಿ ಕೊಡುವುದು ಹೆಚ್ಚಾಗಿ ವಿಷದ ಇಂಜೆಕ್ಷನ್. ‘ಮರಣದಂಡನೆ ಜಾರಿ’ ಅಂತ ಹಾಕಿದ್ದೇನೆ, ಕೋರ್ಟ್ ಆರ್ಡರ್ ಓದಿದ ಹಾಗಿದೆ. ಚಿಕ್ಕ ಪದ ಗೊತ್ತಿದ್ದರೆ ತಿಳಿಸಿ.