ಇಂಟರ್‌ಸೆಪ್ಟರ್‌ಗೆ ಏನನ್ನೋಣ? ಸಂಜೆಯೊಳಗೆ ಬೇಕು

ತುಮಕೂರಿನಿಂದ:
ಎಲ್ಲರಿಗೂ ನಮಸ್ಕಾರ. ಯುದ್ಧದ ಸೈನ್ಸ್ ಫಿಕ್ಷನ್ ಕಾದಂಬರಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅಣುಬಾಂಬ್ ಹೊತ್ತ ಖಂಡಾಂತರ ಕ್ಷಿಪಣಿ ಹೊರಟಿದೆ, ಅರ್ಧ ಗಂಟೆಯಲ್ಲಿ ಊರಿನ ಮೇಲೆ ಬೀಳುತ್ತದೆ. ಅದನ್ನು ವಾತಾವರಣದ ಆಚೆಯೇ ಹೊಡೆಯಲು ಇನ್ನೊಂದನ್ನು ಬಿಡುತ್ತಾರೆ. ಇದರ ತಲೆಯಲ್ಲಿ ಸ್ಫೋಟಕ ಇಲ್ಲ, ಡಿಕ್ಕಿಯ ರಭಸಕ್ಕೇ ಎರಡೂ ಪುಡಿಪುಡಿ. ಇಂಗ್ಲಿಷಿನಲ್ಲಿ ಇದು ಇಂಟರ್‌ಸೆಪ್ಟರ್, ಕನ್ನಡದಲ್ಲಿ ಏನನ್ನೋಣ? ಪೇಪರಿನವರು ‘ಪ್ರತಿಬಂಧಕ ಕ್ಷಿಪಣಿ’ ಎನ್ನುತ್ತಾರೆ. ಆದರೆ ಇಲ್ಲಿ ಕಂಟ್ರೋಲ್ ರೂಮಿನ ಹುಡುಗಿ ಕಿರುಚಬೇಕು. ‘ಪ್ರತಿಬಂಧಕ ಕ್ಷಿಪಣಿ ಉಡಾಯಿಸಿ’ ಅನ್ನುವಷ್ಟರಲ್ಲಿ ಊರೇ ಹೋಗಿರುತ್ತದೆ. ವಾರ್‌ಹೆಡ್‌ಗೆ ಇರುವ ‘ಸಿಡಿತಲೆ’ ಬಗ್ಗೆ ತಕರಾರಿಲ್ಲ, ಅದು ಚೆನ್ನಾಗಿ ಕೂತಿದೆ.

ಕೋಲಾರದಿಂದ:
‘ತಡೆಬಾಣ’ ಅನ್ನಿ, ಮುಗೀತು. ಕ್ಷಿಪಣಿ ಯಾಕೆ? ಅದು ಸಂಸ್ಕೃತದ ‘ಕ್ಷಿಪ್’, ಎಸೆ ಅಂತ ಅರ್ಥ. ಹಾಗಾದರೆ ಮಾವಿನಕಾಯಿಗೆ ಹೊಡೆದ ಕಲ್ಲೂ ಕ್ಷಿಪಣಿಯೇ. ಹೈದರ್ ಹುಟ್ಟಿದ್ದು ನಮ್ಮ ಬೂದಿಕೋಟೆಯಲ್ಲಿ. 1780ರಲ್ಲಿ ಪೊಳ್ಳಿಲೂರಿನಲ್ಲಿ ಅವನ ಸೈನ್ಯ ಇಂಗ್ಲಿಷರ ಮೇಲೆ ಬಿಟ್ಟಿದ್ದು ಕಬ್ಬಿಣದ ಕೊಳವೆಯ ರಾಕೆಟ್. ಅದನ್ನು ಆಗ ಬಾಣ ಎಂದೇ ಕರೆಯುತ್ತಿದ್ದರು. ಇವತ್ತಿಗೂ ಬಾಣಬಿರುಸು ಅಂತೀವಲ್ಲ, ಅದೇ.

ಗೌರಿಬಿದನೂರಿನಿಂದ:
ಬಾಣವೂ ಸಂಸ್ಕೃತವೇ ಸ್ವಾಮಿ. ಅಣ್ಣನನ್ನು ಹೊರಗೆ ಹಾಕಿ ತಮ್ಮನನ್ನು ಒಳಗೆ ಕರೆದ ಹಾಗಾಯಿತು. ನಮ್ಮದು ‘ಅಂಬು’. ಬಿಡುವುದಕ್ಕೆ ಹಳಗನ್ನಡದ ‘ಎಸು’ ಇದೆ. ಎಸು ಅಂದರೆ ಬಾಣ ಬಿಡು, ಎಚ್ಚ ಅಂದರೆ ಬಿಟ್ಟ. ‘ತಡೆಯಂಬು’ ಸರಿಯಾದ ಪದ. ‘ಉಡಾಯಿಸು’ ಅಂತೂ ಉತ್ತರದ ಸರಕು.

ಕೋಲಾರದಿಂದ:
‘ಎಸು’ ಅಂದರೆ ಹುಡುಗಿ ಕಸ ಎಸೀತಿದ್ದಾಳೆ ಅಂದುಕೊಳ್ಳುತ್ತಾರೆ. ಮನೆಯಲ್ಲಿ ತೆಲುಗು, ಸಂತೆಯಲ್ಲಿ ಕನ್ನಡ ಆಡುವ ಊರು ನಮ್ಮದು. ಪದ ಬಂದರೆ ಕೂರಿಸಿ ನೀರು ಕೊಡುತ್ತೇವೆ, ಜಾತಿ ಕೇಳಲ್ಲ. ಬಂದೂಕು, ಫಿರಂಗಿ ಎರಡನ್ನೂ ವಾಪಸ್ ಕಳಿಸುತ್ತೀರಾ?

ಗೌರಿಬಿದನೂರಿನಿಂದ:
ನೀರು ಕೊಡಿ, ಬೇಡ ಅಂದವರ್ಯಾರು? ಮನೆಯವರನ್ನು ಜಗಲಿಗೆ ಅಟ್ಟಬೇಡಿ ಅಂದೆ. ಅಂಬು ಸತ್ತಿಲ್ಲ, ನೀವೇ ಸಾಯಿಸುತ್ತಿದ್ದೀರಿ.

ತುಮಕೂರಿನಿಂದ:
ಜಗಳ ನಾಳೆ ಆಡಿ. ‘ಅಡ್ಡಬಾಣ’ ಹೇಗೆ?

ಚಿಂತಾಮಣಿಯಿಂದ:
ಬೇಡ. ಮುಂದಿನ ಪುಟದಲ್ಲಿ ‘ಅಡ್ಡಬಾಣ ಅಡ್ಡಬಿತ್ತು’ ಅಂತ ಬರೆದಿರೋ, ಶತ್ರುವಿಗೆ ನಮಸ್ಕಾರ ಮಾಡಿದ ಹಾಗಿರುತ್ತೆ. ಅದಿರಲಿ, ಗಾಬರಿಯಲ್ಲಿ ಯಾರು ಪೂರ್ತಿ ಹೆಸರು ಹೇಳುತ್ತಾರೆ? ಮಗು ಬಾವಿಯ ಕಡೆ ಓಡಿದರೆ ‘ಹಿಡೀರಿ’ ಅಂತೀವಿ, ‘ಮಗುವನ್ನು ಹಿಡಿಯಿರಿ’ ಅಲ್ಲ. ಅವಳ ಬಾಯಲ್ಲಿ ‘ಬಿಡಿ! ಬಿಡಿ!’ ಸಾಕು. ವಿವರಣೆ ಬರುವ ಕಡೆ ತಡೆಬಾಣ ಹಾಕಿ.

ತುಮಕೂರಿನಿಂದ:
ಹಾಗೇ ಹಾಕಿ ಕಳಿಸಿದೆ. ಥ್ಯಾಂಕ್ಸ್.

ಗೌರಿಬಿದನೂರಿನಿಂದ:
ಎರಡನೇ ಮುದ್ರಣಕ್ಕಾದರೂ ತಡೆಯಂಬು.