ಶಾಖೆಗಳಿಗೆ ಓಡಾಡುವ ಐಟಿ ಸಪೋರ್ಟ್ ತಂಡಕ್ಕೆ ಯಾವ ಲ್ಯಾಪ್‌ಟಾಪ್ ಸೂಕ್ತ?

ಪ್ರಶ್ನೆ, ಶಿರಸಿಯಿಂದ

ಎಲ್ಲರಿಗೂ ನಮಸ್ಕಾರ. ಉತ್ತರ ಕನ್ನಡ ಜಿಲ್ಲೆಯ ಸಹಕಾರಿ ಸಂಸ್ಥೆಯೊಂದರಲ್ಲಿ ಒಂಬತ್ತು ಮಂದಿಯ ಐಟಿ ಸಪೋರ್ಟ್ ತಂಡದ ಹೊಣೆ ನನ್ನದು. ನಮ್ಮಲ್ಲಿರುವವು ಆರನೇ ತಲೆಮಾರಿನ ಇಂಟೆಲ್ ಪ್ರೊಸೆಸರ್‌ನ ಲ್ಯಾಪ್‌ಟಾಪ್‌ಗಳು. ವಿಂಡೋಸ್ 11ಕ್ಕೆ ಅವು ಅರ್ಹವಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ ಎಲ್ಲವನ್ನೂ ಬದಲಿಸಲು ಆಡಳಿತ ಮಂಡಳಿ ಒಪ್ಪಿಗೆ ಕೊಟ್ಟಿದೆ. ತಂಡದಲ್ಲಿ ನಾಲ್ವರು ಕಚೇರಿಯಲ್ಲೇ ಕುಳಿತು ದೂರು ಬಗೆಹರಿಸುತ್ತಾರೆ. ಉಳಿದವರು ಯಲ್ಲಾಪುರ, ಸಿದ್ದಾಪುರ, ಕುಮಟಾ ಶಾಖೆಗಳಿಗೆ ಹೋಗಿ ನೆಟ್‌ವರ್ಕ್ ಸ್ವಿಚ್ ಬದಲಿಸುವುದು, ರೂಟರ್ ಕಾನ್ಫಿಗರ್ ಮಾಡುವುದು, ಪ್ರಿಂಟರ್ ಸರಿಪಡಿಸುವುದು, ಹೊಸದಾಗಿ ವಿಂಡೋಸ್ ಹಾಕುವುದು ಇಂಥ ಕೆಲಸಗಳಲ್ಲಿರುತ್ತಾರೆ. ಅಂಗಡಿಯಲ್ಲಿ ಸಿಗುವ ತೆಳುವಾದ ಮಾದರಿಗಳು ಅಗ್ಗವೂ ಹಗುರವೂ ಆಗಿವೆ ಎಂಬುದು ಲೆಕ್ಕಪತ್ರ ವಿಭಾಗದವರ ಅಭಿಪ್ರಾಯ. ಅನುಭವಿಗಳು ದಯವಿಟ್ಟು ಸಲಹೆ ಕೊಡಿ.

ಪ್ರತಿಕ್ರಿಯೆ 1, ಹುಬ್ಬಳ್ಳಿಯ ನೆಟ್‌ವರ್ಕ್ ಎಂಜಿನಿಯರ್

ಸರ್, ಪ್ರೊಸೆಸರ್‌ಗಿಂತ ಮೊದಲು ಪಕ್ಕದಲ್ಲಿರುವ ಪೋರ್ಟ್‌ಗಳನ್ನು ನೋಡಿ. ತೆಳುವಾದ ಬಹುತೇಕ ಮಾದರಿಗಳಲ್ಲಿ ಲ್ಯಾನ್ ಪೋರ್ಟ್, ಅಂದರೆ ನೆಟ್‌ವರ್ಕ್ ಕೇಬಲ್ ಸಿಕ್ಕಿಸುವ ಕಿಂಡಿ, ಇರುವುದಿಲ್ಲ. ಯುಎಸ್‌ಬಿ ಕನ್ವರ್ಟರ್ ಸಾಕು ಎನ್ನುವವರಿದ್ದಾರೆ, ಆದರೆ ಅದು ಬೇಕಾದ ದಿನವೇ ಇನ್ನೊಬ್ಬರ ಚೀಲದಲ್ಲಿರುತ್ತದೆ ಎಂಬುದು ನನ್ನ ಹನ್ನೆರಡು ವರ್ಷಗಳ ಅನುಭವ. ಇನ್ನೂ ದೊಡ್ಡ ತೊಡಕು ನೆಟ್‌ವರ್ಕ್ ಮೂಲಕ ವಿಂಡೋಸ್ ಹಾಕುವಾಗ ಎದುರಾಗುತ್ತದೆ: ಆ ಕನ್ವರ್ಟರನ್ನು ಬಯೋಸ್ (ಯಂತ್ರ ಆರಂಭವಾಗುವಾಗ ಮೊದಲು ಓಡುವ ತಂತ್ರಾಂಶ) ಗುರುತಿಸದಿದ್ದರೆ ಬೂಟ್ ಆಗುವುದೇ ಇಲ್ಲ, ಗುರುತಿಸಿದರೂ ಸರ್ವರ್‌ಗೆ ಕಾಣುವುದು ಕನ್ವರ್ಟರ್‌ನ ಮ್ಯಾಕ್ ವಿಳಾಸ, ಅಂದರೆ ನೆಟ್‌ವರ್ಕ್ ಸಾಧನದ ಗುರುತಿನ ಸಂಖ್ಯೆ, ಆದ್ದರಿಂದ, ಒಂದೇ ಕನ್ವರ್ಟರನ್ನು ನಾಲ್ಕು ಯಂತ್ರಗಳಿಗೆ ಬಳಸಿದಾಗ ನಾಲ್ಕೂ ಒಂದೇ ಯಂತ್ರವೆಂದು ದಾಖಲಾಗಿ ಗೊಂದಲವಾಗುತ್ತದೆ. ಇದನ್ನು ನಿವಾರಿಸುವ ಸೌಲಭ್ಯ ಬಿಸಿನೆಸ್ ಮಾದರಿಗಳ ಬಯೋಸ್‌ನಲ್ಲಿ ಸಾಮಾನ್ಯವಾಗಿ ಇರುತ್ತದೆ, ಅಂಗಡಿಯ ಮಾದರಿಗಳಲ್ಲಿ ಅಪರೂಪ.

ಹೆಸರಿನಲ್ಲಿ ಒಂದಕ್ಷರದ ವ್ಯತ್ಯಾಸವೂ ಮುಖ್ಯ. ಥಿಂಕ್‌ಪ್ಯಾಡ್ ಟಿ14ರಲ್ಲಿ ಪೂರ್ಣ ಅಳತೆಯ ಲ್ಯಾನ್ ಪೋರ್ಟ್ ಇದೆ, ಅದರ ತೆಳುವಾದ ಸೋದರ ಟಿ14ಎಸ್‌ನಲ್ಲಿ ಇಲ್ಲ. ಕೊಟೇಶನ್ನಿನಲ್ಲಿ ಮಾದರಿಯ ಪೂರ್ಣ ಸಂಖ್ಯೆಯನ್ನೇ ಬರೆಸಿಕೊಳ್ಳಿ. ಸ್ವಿಚ್‌ನ ಕನ್ಸೋಲ್ ಕೇಬಲ್‌ಗೆ (ಸ್ವಿಚ್ ಕಾನ್ಫಿಗರ್ ಮಾಡಲು ಬಳಸುವ ಕೇಬಲ್) ಹಳೆಯ ಆಯತಾಕಾರದ ಯುಎಸ್‌ಬಿ ಟೈಪ್‌-ಎ ಪೋರ್ಟ್ ಎರಡಾದರೂ ಇರಲಿ.

ಪ್ರತಿಕ್ರಿಯೆ 2, ಮೈಸೂರಿನ ಕಾಲೇಜೊಂದರ ಸಿಸ್ಟಂ ಅಡ್ಮಿನ್

ಹುಬ್ಬಳ್ಳಿಯ ಸರ್ ಹೇಳಿದ್ದನ್ನು ಪೂರ್ತಿ ಒಪ್ಪುತ್ತೇನೆ. ನನ್ನ ಕಡೆಯಿಂದ ಇನ್ನಷ್ಟು ಸೇರಿಸುತ್ತೇನೆ. ಅಂಗಡಿಯ ಅಗ್ಗದ ಮಾದರಿಗಳಲ್ಲಿ ಬರುವುದು ವಿಂಡೋಸ್ ಹೋಮ್; ಅದನ್ನು ಡೊಮೇನ್‌ಗೆ (ಸಂಸ್ಥೆಯ ಯಂತ್ರಗಳನ್ನು ಒಂದೇ ಕಡೆಯಿಂದ ನಿರ್ವಹಿಸುವ ವ್ಯವಸ್ಥೆ) ಸೇರಿಸಲಾಗದು, ಒಂದೇ ಯಂತ್ರದೊಳಗೆ ಬೇರೆ ಯಂತ್ರಗಳನ್ನು ಓಡಿಸುವ ಹೈಪರ್‌-ವಿ ಕೂಡ ಅದರಲ್ಲಿಲ್ಲ. ಪ್ರೊ ಆವೃತ್ತಿಗೆ ಬದಲಿಸುವ ಖರ್ಚನ್ನು ಕೂಡಿಸಿ ನೋಡಿದರೆ ಬೆಲೆಯ ಅಂತರ ಕಡಿಮೆಯಾಗುತ್ತದೆ ಎಂಬುದನ್ನು ಲೆಕ್ಕಪತ್ರದವರಿಗೆ ಅಂಕಿಗಳಲ್ಲೇ ತೋರಿಸಿ. ಸಪೋರ್ಟ್ ತಂಡದವರ ಯಂತ್ರಗಳಲ್ಲಿ ಇಡೀ ಸಂಸ್ಥೆಯ ಅಡ್ಮಿನ್ ಪಾಸ್‌ವರ್ಡ್‌ಗಳು ಇರುವ ಸಾಧ್ಯತೆಯಿರುವುದರಿಂದ, ಬಸ್ಸಿನಲ್ಲಿ ಚೀಲ ಕಳೆದರೂ ಮಾಹಿತಿ ಹೊರಗೆ ಹೋಗದಂತೆ ಡಿಸ್ಕ್‌ನ ಮಾಹಿತಿಯನ್ನು ಗೂಢಲಿಪಿಯಾಗಿಸುವ ಬಿಟ್‌ಲಾಕರ್ ಹಾಕಿ, ಅದರ ರಿಕವರಿ ಕೀಗಳನ್ನು ಸರ್ವರ್‌ನಲ್ಲಿ ಭದ್ರವಾಗಿಡಿ.

ರ್‍ಯಾಮ್ ಮದರ್‌ಬೋರ್ಡಿಗೇ ಬೆಸೆದಿರುವ ಮಾದರಿ ಬೇಡವೇ ಬೇಡ. 16 ಜಿಬಿ ಹಾಕಿಸಿ, ಒಂದು ಸ್ಲಾಟ್ ಖಾಲಿ ಬಿಡಿಸಿ. ವಾರಂಟಿಯ ವಿಷಯದಲ್ಲಿ ನಾವು ಒಮ್ಮೆ ಪೆಟ್ಟು ತಿಂದಿದ್ದೇವೆ: ಕೀಬೋರ್ಡ್ ಕೆಟ್ಟ ಯಂತ್ರವನ್ನು ಬೆಂಗಳೂರಿಗೆ ಕಳುಹಿಸಿ ಮೂರು ವಾರ ಕಾಯಬೇಕಾಯಿತು. ಮೂರು ವರ್ಷದ ಆನ್‌ಸೈಟ್ ವಾರಂಟಿ ನಿಮ್ಮ ಪಿನ್‌ಕೋಡ್‌ಗೆ ಅನ್ವಯವಾಗುತ್ತದೆಯೇ ಎಂಬುದನ್ನು ಲಿಖಿತವಾಗಿ ಪಡೆದು, ಪರ್ಚೇಸ್ ಆರ್ಡರ್‌ನಲ್ಲೂ ನಮೂದಿಸಿ.

ಪ್ರತಿಕ್ರಿಯೆ 3, ಬೆಂಗಳೂರಿನಿಂದ

ಬ್ಯಾಟರಿ ಹೆಚ್ಚು ಬಾಳುತ್ತದೆಂದು ಸ್ನಾಪ್‌ಡ್ರಾಗನ್ ಪ್ರೊಸೆಸರ್‌ನ ಲ್ಯಾಪ್‌ಟಾಪ್‌ಗಳನ್ನು ಯಾರಾದರೂ ಸೂಚಿಸಬಹುದು. ಬ್ಯಾಟರಿಯ ಮಾತು ನಿಜವೇ. ಆದರೆ ಅವು ಆರ್ಮ್ ಯಂತ್ರಗಳು, ಅಂದರೆ ಇಂಟೆಲ್‌ಗಿಂತ ಬೇರೆ ವಿನ್ಯಾಸದ ಪ್ರೊಸೆಸರ್‌ನವು; ಡ್ರೈವರ್‌ಗಳೂ ಅದಕ್ಕೆಂದೇ ಬೇಕು. ಹಳೆಯ ಪ್ರಿಂಟರ್‌ಗೂ ಕನ್ಸೋಲ್ ಕೇಬಲ್‌ಗೂ ಆರ್ಮ್ ಡ್ರೈವರ್ ಸಿಗದಿದ್ದರೆ ಶಾಖೆಯಲ್ಲಿ ಕೈಕಟ್ಟಿ ನಿಲ್ಲಬೇಕಾಗುತ್ತದೆ. ಕಚೇರಿಯಲ್ಲೇ ಇರುವ ನಾಲ್ವರಿಗೆ ಅಗ್ಗದ ಬೇರೆ ಮಾದರಿ ಕೊಡಬಹುದು ಎಂದು ಮೊದಲು ಅನ್ನಿಸಿತ್ತು. ರಜೆಯ ದಿನಗಳಲ್ಲಿ ಅವರೂ ಶಾಖೆಗೆ ಹೋಗಬೇಕಾದೀತು, ಆದ್ದರಿಂದ ಎಲ್ಲರಿಗೂ ಒಂದೇ ಮಾದರಿ ಇರಲಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಒಂದೇ ಮಾದರಿಯ ಹತ್ತು ಯಂತ್ರಗಳಿಗೆ, ಅಂದರೆ ಒಂದನ್ನು ಬದಲಿಯಾಗಿ ಇಟ್ಟುಕೊಳ್ಳುವಂತೆ, ಕೊಟೇಶನ್ ಕೇಳುತ್ತಿದ್ದೇನೆ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟು ಗಂಟೆಗಟ್ಟಲೆ ಹೋಗುವುದರಿಂದ, ಕರೆಂಟು ಇದ್ದಾಗ ಬೇಗ ಚಾರ್ಜ್ ಆಗಲೆಂದು 65 ವ್ಯಾಟ್‌ನ ಟೈಪ್‌-ಸಿ ಚಾರ್ಜರ್ ಇರುವ ಮಾದರಿಯನ್ನೇ ಕೇಳಿದ್ದೇನೆ. ಒಬ್ಬರ ಚಾರ್ಜರ್ ಮರೆತರೂ ಇನ್ನೊಬ್ಬರದು ಆಗುತ್ತದೆ. ಮೈಸೂರಿನ ಮೇಡಂ, ಪಿನ್‌ಕೋಡ್ ವಿಷಯವನ್ನು ಮೂವರು ಡೀಲರ್‌ಗಳಿಗೂ ಇವತ್ತೇ ಬರೆಯುತ್ತೇನೆ.